ಅಲ್ಲಾಡಿಸಿದ್ದು ಒಂದೇ ಕಾಯಿ

ಹೋದ ವಾರ ತಿಪಟೂರಿನ ಕೊಬ್ಬರಿ ಮಂಡಿಯೊಂದರಿಂದ ನಮ್ಮ ಅಂಗಡಿಗೆ ಕೆಟ್ಟ ಕಂಪ್ಯೂಟರ್ ಬಂತು. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಕೊಬ್ಬರಿಯ ಧೂಳು, ಎಣ್ಣೆ ಹಿಡಿದು ಫ್ಯಾನಿಗೆ ಮೆತ್ತಿಕೊಂಡಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಷ್ಷು ಕೈಯಲ್ಲೇ ನಿಂತಿತು. ರಿಪೇರಿ ಮಾಡುವವಳು ಕಣ್ಣೀರು ಹಾಕಿದರೆ ಗಿರಾಕಿ ಏನೆಂದುಕೊಂಡಾನು? ಧೂಳು ಎಂದು ಹೇಳಿ ಕಣ್ಣೊರೆಸಿಕೊಂಡೆ.

ನೀವು ಕೊಬ್ಬರಿ ತಿಂದಿರುತ್ತೀರಿ, ಅದು ಆಗುವ ಬಗೆ ಗೊತ್ತಿರಲಿಕ್ಕಿಲ್ಲ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ವರ್ಷದ ಹತ್ತಿರ ಅದರ ತಂಟೆಗೆ ಹೋಗಬಾರದು. ಒಳಗಿನ ನೀರು ತಾನಾಗಿ ಆರಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಯಿತೋ ಇಲ್ಲವೋ ತಿಳಿಯಲು ಇರುವುದು ಕಿವಿಯೊಂದೇ. ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ನೀರಿನ ಸದ್ದು ಚೂರು ಇದ್ದರೂ ಇಳಿಸುವಂತಿಲ್ಲ. ನಮ್ಮೂರು ಹೊನ್ನವಳ್ಳಿಯಲ್ಲಿ ಅಪ್ಪನ ಕಿವಿಗೆ ಎಷ್ಟು ಹೆಸರೆಂದರೆ, ಅಕ್ಕಪಕ್ಕದವರೂ ಕರೆದು ತಮ್ಮ ಅಟ್ಟ ಹತ್ತಿಸುತ್ತಿದ್ದರು. ಇಳಿದ ಮೇಲೆ ಕಾಫಿ. ಲೋಟ ಹಿಡಿದು ಅಪ್ಪ ಕೂರುತ್ತಿದ್ದ ಗತ್ತನ್ನು ನೀವು ನೋಡಬೇಕಿತ್ತು.

ನಾನು ಪಿಯುಸಿ ಮುಗಿಸಿದ ವರ್ಷ ಆ ಕಿವಿ ಮಂದವಾಗತೊಡಗಿತು. ಗೊತ್ತಿದ್ದದ್ದು ನನಗೊಬ್ಬಳಿಗೆ. "ಅದೇನೋ ಗುಂಯ್ ಅಂತದೆ ಕಣವ್ವ, ನೀನೊಂದ್ಸಲ ಕೇಳು," ಎಂದು ಅಟ್ಟದ ಮೇಲೆ ಕಾಯಿಯನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ತಲೆಯಾಡಿಸಿದರೆ ಕೆಳಗಿದ್ದವರಿಗೆ "ಆಗೈತೆ, ಇಳಿಸ್ರಲಾ," ಎಂದು ಗಟ್ಟಿಯಾಗಿ ಕೂಗುತ್ತಿದ್ದ.

ಅದೇ ವರ್ಷ ನಾನು ಐಟಿಐ ಸೇರುತ್ತೇನೆಂದು ಹಟ ಹಿಡಿದೆ. ಕಂಪ್ಯೂಟರ್ ಕಲಿಸುವ ಒಂದು ವರ್ಷದ ಕೋರ್ಸು. ನಮ್ಮ ಸೋದರತ್ತೆಗೆ ನಗುವೋ ನಗು. "ಐಟಿಐ ಅಂದ್ರೆ ವೆಲ್ಡಿಂಗ್ ಕಣೇ! ಬಿಎ ಮಾಡೋದ್ ಬುಟ್ಟು ಇದ್ಯಾಕೆ?" ನನಗೂ ಹೆಚ್ಚೇನೂ ಗೊತ್ತಿರಲಿಲ್ಲ ಬಿಡಿ. ಅರ್ಜಿ ತರಲು ಹೋದಾಗ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಗುಡಿಯ ಹಾಗೆ ಕಂಡು ಭಕ್ತಿ ಹುಟ್ಟಿತ್ತು, ಅಷ್ಟೆ. ಅಪ್ಪ ಮಾತ್ರ, "ಓದ್ಲಿ ಬುಡು, ಕೈಗೊಂದು ಕಸುಬಾಯ್ತದೆ," ಎಂದ.

ಸೇರುವ ಕೊನೆಯ ದಿನ ಎಂಟರ ಬಸ್ಸು ಹಿಡಿಯಬೇಕಿತ್ತು. ಅವತ್ತೇ ಕಾಯಿ ಸುಲಿಯುವ ಆಳುಗಳು ಅಂಗಳಕ್ಕೆ ಬಂದು ನಿಂತಿದ್ದರು. ಅಪ್ಪ ಅಟ್ಟದಿಂದ ಕರೆದ, ಹತ್ತಿದೆ. ಮೂಲೆಮೂಲೆಯಿಂದ ಇಪ್ಪತ್ತು ಕಾಯಿಯಾದರೂ ಆರಿಸಿ ಕೇಳುವುದು ಪದ್ಧತಿ. ನಾನು ಕೈಗೆ ಸಿಕ್ಕ ಒಂದನ್ನು ಅಲ್ಲಾಡಿಸಿದೆ. ಗುಡುಗುಡು ಎಂದಿತು. ದೂರದಲ್ಲಿ ಬಸ್ಸಿನ ಹಾರನ್ನೂ ಕೇಳಿತು. "ಆಗೈತೆ ಅಪ್ಪ," ಎಂದವಳೇ ಇಳಿದು ಓಡಿದೆ.

ಸೀಟು ಸಿಕ್ಕಿತು. ಸಂಜೆ ಮನೆಗೆ ಬಂದರೆ ಅಂಗಳದ ತುಂಬ ಒಡೆದ ಚಿಪ್ಪು. ಸುಲಿಯುವಾಗಲೇ ಆಳೊಬ್ಬ "ನೀರಿನ ಸದ್ದು ಬತ್ತದಲ್ಲಣ್ಣ," ಎಂದನಂತೆ. "ನನ್ ಕಿವಿಗಿಂತ ನಿನ್ ಕಿವಿ ದೊಡ್ದೇನ್ಲಾ?" ಎಂದು ಅಪ್ಪ ಗದರಿದನಂತೆ. ಎಲ್ಲ ಸುಲಿದು ಚಿಪ್ಪು ಒಡೆದರೆ ಅರ್ಧಕ್ಕರ್ಧ ಹಸಿ. ಸುಲಿದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕಿ ಒಣಗಿಸಲಾಗುವುದಿಲ್ಲ. ವರ್ಷದ ಕೊಬ್ಬರಿ ಬೂಷ್ಟು ಹಿಡಿಯಿತು. "ಯಾಕೋ ತಪ್ಪಿ ಹೋಯ್ತು," ಎಂದು ಅಪ್ಪ ಎಲ್ಲರೆದುರು ಒಪ್ಪಿಕೊಂಡ, ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಲ್ಲಿಂದಾಚೆ ಯಾರೂ ಅಪ್ಪನನ್ನು ತಮ್ಮ ಅಟ್ಟಕ್ಕೆ ಕರೆಯಲಿಲ್ಲ.

ಕೋರ್ಸು ಮುಗಿದ ಮೇಲೆ ಹತ್ತು ತಿಂಗಳು ಕೆಲಸ ಸಿಗದೆ ಮನೆಯಲ್ಲಿ ಕೂತೆ. ಯಾರಾದರೂ ಕೇಳಿದರೆ ಅಪ್ಪ, "ಇನ್ನೂ ಅಟ್ಟದ ಮೇಲವ್ಳೆ ಕಣಪ್ಪ, ಆರ್ಲಿ," ಎನ್ನುತ್ತಿದ್ದ. ಕೊನೆಗೆ ಕೆಲಸ ಕೇಳಿ ಬಂದಾಗ ಈ ಅಂಗಡಿಯ ಯಜಮಾನರು ಕಟಕಟ ಸದ್ದು ಮಾಡುವ ಕಂಪ್ಯೂಟರೊಂದನ್ನು ಮುಂದಿಟ್ಟು, "ಏನಾಗಿದೆ ಹೇಳಮ್ಮ," ಎಂದರು. ಹಾರ್ಡ್ ಡಿಸ್ಕ್ ಹೋಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಒಂದೇ ಸಲಕ್ಕೆ ಹೇಳಲ್ಲ ಸಾರ್. ಇನ್ನೂ ಕೇಳ್ಬೇಕು." ಕಿವಿಯಿಟ್ಟು ಕೂತೆ, ಮಧ್ಯಾಹ್ನವಾಯಿತು. ಕಡೆಗೆ ನೋಡಿದರೆ ಫ್ಯಾನಿನ ರೆಕ್ಕೆಗೆ ತಾಗುತ್ತಿದ್ದ ಒಂದು ವೈರು. ನಾಳೆಯಿಂದ ಬಾ ಎಂದರು. ಬಸ್ಸಿನಲ್ಲಿ ಕೂತಾಗ ಖುಷಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಈ ನಿಧಾನವನ್ನು ನಾನು ಕಲಿತದ್ದು ಅಪ್ಪನ ಹೆಸರು ಕಳೆದು.

ಹೋದ ವಾರ, ಆ ಮಂಡಿಯ ಕಂಪ್ಯೂಟರ್ ಬಿಚ್ಚಿದ ಸಂಜೆ, ಇನ್ನು ತಡೆಯಲಾರೆ ಎನಿಸಿತು. ಆದರೆ ಅಪ್ಪನಿಗೆ ಈಗ ಏನನ್ನಾದರೂ ಕೂಗಿಯೇ ಹೇಳಬೇಕು. ತಪ್ಪನ್ನು ಮೆಲ್ಲಗೆ ಒಪ್ಪಿಕೊಳ್ಳುವ ಅನುಕೂಲ ನನಗಿರಲಿಲ್ಲ. ಜಗಲಿಯ ಮೇಲೆ ಕೂತು, "ಅಪ್ಪಾ, ಅವತ್ತು ನಾನು ಸರಿಯಾಗಿ ಕೇಳ್ಲಿಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣವ್ವ. ನೀನು ಒಂದೇ ಕಾಯಿ ಅಲ್ಲಾಡ್ಸಿದ್ದನ್ನ ಕಣ್ಣಾರೆ ನೋಡ್ದೆ. ಕಿವಿ ಹೋಗಿತ್ತು, ಕಣ್ಣು ಇತ್ತಲ್ಲ. ತಡಿ ಅನ್ನಾನ ಅಂದ್ರೆ ನಿನ್ ಬಸ್ಸು ಹೋಗ್ತಿತ್ತು. ನೀನು ಹೋದ್ಮೇಲಾದ್ರೂ ಆಳುಗಳ್ನ ವಾಪಸ್ ಕಳಿಸ್ಬೋದಿತ್ತು. ನಂಗೆ ಕೇಳ್ಸಲ್ಲ ಅಂತ ಅವ್ರಿಗೆ ಹೇಳಕ್ಕೆ ನಾಲ್ಗೆ ಬರ್ಲಿಲ್ಲ."

ಈ ಭಾನುವಾರ ಆಳುಗಳು ಮತ್ತೆ ಬಂದಿದ್ದರು. ನಾನು ಅಟ್ಟ ಹತ್ತಿದೆ, ಅಪ್ಪ ಕೆಳಗೆ ಏಣಿ ಹಿಡಿದು ನಿಂತ. ಒಂದೊಂದಾಗಿ ಕೇಳುತ್ತ ಹೋದೆ. ಹತ್ತೊಂಬತ್ತನೆಯ ಕಾಯಿಯಲ್ಲಿ ನೀರಿತ್ತು. ಇಪ್ಪತ್ತನೆಯದರಲ್ಲೂ ಇತ್ತು. "ಇನ್ನೂ ಆಗಿಲ್ಲಪ್ಪಾ!" ಎಂದು ಕೂಗಿದೆ.

ಅಪ್ಪ ಆಳುಗಳ ಕಡೆ ತಿರುಗಿದ. "ಮುಂದಿನ್ ತಿಂಗ್ಳು ಬನ್ರಪ್ಪ," ಎಂದ. "ನಂಗೆ ಕಿವಿ ಕೇಳ್ಸಲ್ಲ. ನನ್ ಮಗ್ಳು ಕೇಳವ್ಳೆ."