ಒರತೆಗೆ ಉಡಿ ತುಂಬಿದ್ದು

ಬೇಸಿಗೆಯಲ್ಲಿ ನಾವು ಬ್ರಹ್ಮಪುರದ ಮನೆಗೆ ಬೀಗ ಹಾಕಿ, ಗಾಡಿ ಕಟ್ಟಿಕೊಂಡು ಕಮಲಾಪುರದ ತೋಟಕ್ಕೆ ಹೋಗುತ್ತಿದ್ದೆವು. ಆಗ ನಿಜಾಮರ ಆಳ್ವಿಕೆ. ನನಗೆ ಮದುವೆಯಾದ ಹೊಸತು. ಹೈದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು ನಾನು. ಎಲ್ಲವೂ ಚೊಕ್ಕಟವಾಗಿರಬೇಕೆಂಬ ಹಟ.

ತೋಟದಾಚೆ ಹಳ್ಳದ ದಂಡೆಯಲ್ಲೊಂದು ಒರತೆ. ಸುತ್ತ ಆಳೆತ್ತರದ ಜೊಂಡು, ಕೊಳೆತ ಎಲೆ, ಕಪ್ಪೆಗಳು. ಒಂದು ಬೆಳಿಗ್ಗೆ ಆಳುಗಳನ್ನು ಕರೆದು ಜೊಂಡನ್ನೆಲ್ಲ ಬುಡಸಮೇತ ಕೀಳಿಸಿದೆ. ಗೀಜಗನ ಗೂಡು ತೂಗುತ್ತಿದ್ದ ಕಡ್ಡಿಗಳನ್ನೂ ಬಿಡಲಿಲ್ಲ. ಬೋಳು ದಂಡೆ ಗುಡಿಸಿದ ತರಗತಿಯಂತೆ ಕಂಡಿತು; ನಾನು ಹಿಗ್ಗಿದೆ.

ವಾರದೊಳಗೆ ಒಂದು ಅಡ್ಡಮಳೆ ಹೊಡೆಯಿತು. ಹಿಡಿದಿಡುವ ಬೇರಿಲ್ಲದ ದಂಡೆ ಕುಸಿದು ಒರತೆಯನ್ನು ಮುಚ್ಚಿತು. ಮುಂಗಾರು ಇನ್ನೂ ದೂರ. ಪಕ್ಕದ ತೋಟದ ಮುದುಕಿ ಬೀಬಿಯ ಕೆಂಪು ಬಾಳೆ ಗೊನೆ ಬಿಟ್ಟು ನಿಂತಿತ್ತು. ಆ ಒರತೆ ಬಿಟ್ಟರೆ ಅದಕ್ಕೆ ಬೇರೆ ನೀರಿರಲಿಲ್ಲ; ಹತ್ತು ದಿನದಲ್ಲಿ ಎಲೆಗಳು ಬಾಡತೊಡಗಿದವು.

“ಭಾಳ ಸಫಾಯಿ ಮಾಡ್ದಿ ಬೇಟಿ,” ಎಂದಳು ಬೀಬಿ. “ಇನ್ನ ನನ್ ತೋಟಾನೂ ಕಸಬರಗಿ ತಗೊಂಡು ಗುಡಿಸಿಬಿಡು.”

ನಾನು ಅಳುತ್ತ ಕುಳಿತೆ. ಅತ್ತೆ ಗದರಿದರು: “ಏಳು. ಒರತಿಗಿ ಉಡಿ ತುಂಬ್ಲಾಕ ಎಲ್ಲಾರ್ನೂ ಕರಿಯೂಣು ನಡಿ.”

ಬಸುರಿಯ ಮಡಿಲಿಗೆ ಅಕ್ಕಿ, ಕೊಬ್ಬರಿ ತುಂಬುವಂತೆ ಫಲಕ್ಕೆ ಬಂದ ಹೊಲಕ್ಕೂ ಉಡಿ ತುಂಬುವವರು ನಮ್ಮವರು. ಕೂಲಿಗೆ ಕರೆದಿದ್ದರೆ ಪ್ರತಿ ಮನೆಯಲ್ಲೂ ಒಂದು ನೆಪ ಸಿಗುತ್ತಿತ್ತು. ಉಡಿಗೆ ಕರೆದರೆ ಯಾವ ಹೆಂಗಸೂ ಒಲ್ಲೆನ್ನುವುದಿಲ್ಲ. ಅತ್ತೆಗೆ ಅದು ಗೊತ್ತಿತ್ತು. “ಅಕ್ಕಿ ಬ್ಯಾಡ್ರಿ, ಕೊಬ್ಬರಿ ಬ್ಯಾಡ್ರಿ. ಹಳ್ಳದ ತೆಳಗಿನ ತಿರುವಿನ್ಯಾಗ ಜೊಂಡು ಅದ. ಒಂದೊಂದು ಗಡ್ಡಿ ಉಡಿಯಾಗ ತರ್ರಿ,” ಎಂದು ಬಾಗಿಲು ಬಾಗಿಲಿಗೆ ಹೇಳಿ ಬಂದರು.

ಮರುದಿನ ಗಂಡಸರು ಹೂಳು ತೆಗೆದರು. ಹೆಂಗಸರು ಸೆರಗಿನಲ್ಲಿ ಕೆಸರು ಸೋರಿಸುತ್ತ ಸಾಲಾಗಿ ಬಂದರು. ಬೀಬಿಯೂ ಓಢಣಿಯಲ್ಲಿ ಒಂದು ಗಡ್ಡೆ ಹೊತ್ತು ಬಂದಳು, ನನ್ನತ್ತ ನೋಡಲಿಲ್ಲ. ನಾನು ನನ್ನ ಗಡ್ಡೆ ಊರಲು ಬಗ್ಗಿದಾಗ ಹಿಂದಿನಿಂದ ಯಾರೋ ಕೂಗಿದರು: “ಸಾಲಿ ಕಲ್ತಾಕಿ ಅದಾಳ, ನೋಡ್ಕೋರೆವ್ವಾ! ಬೇರು ಮ್ಯಾಲ ಮಾಡಿ ಹಚ್ಯಾಳು!”

ಬೀಬಿ ಬಾಯಿಗೆ ಓಢಣಿ ಒತ್ತಿಕೊಂಡಳು. ನಕ್ಕಳೆಂದೇ ನನ್ನ ಲೆಕ್ಕ.

ಮೂರನೆಯ ದಿನ ನೂಲಿನಷ್ಟು ನೀರು ಬಂತು. ಅಷ್ಟರಲ್ಲಿ ಅರ್ಧ ಬಾಳೆ ಸೊರಗಿ ಬಿದ್ದಿತ್ತು, ಉಳಿದರ್ಧ ನಿಂತಿತು.

ಮುಂದಿನ ಬೇಸಿಗೆಗೆ ಜೊಂಡು ಎದೆಯೆತ್ತರ ಬೆಳೆದಿತ್ತು. ಗೀಜಗ ಮಾತ್ರ ಇನ್ನೂ ಬಂದಿರಲಿಲ್ಲ. ಬೀಬಿ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಪಕ್ಕ ಕುಳಿತಳು. ಒರತೆಯಲ್ಲಿ ತೇಲುತ್ತಿದ್ದ ಕೊಳೆತ ಎಲೆಯೊಂದನ್ನು ಎತ್ತಲು ನಾನು ಬಗ್ಗಿದೆ.

“ಏ, ಕೈ ತೆಗಿ!” ಎಂದಳು.

ತೆಗೆದೆ.