ಮೂರನೇ ಮೆಟ್ಟಿಲ ಕಪ್ಪು ಬೊಂಬೆ

ಆ ವರ್ಷ ನವರಾತ್ರಿ ಹತ್ತಿರ ಬಂದಂತೆಲ್ಲ ನನಗೆ ಈ ಹಬ್ಬವೇ ಬೇಡವೆನಿಸುತ್ತಿತ್ತು. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಬೊಂಬೆ ಕೂರಿಸಿದ ಮನೆಯ ಹೆಣ್ಣುಮಗು ಸಾಯಂಕಾಲ ಮೆಟ್ಟಿಲುಗಳ ಪಕ್ಕ ಮಣೆ ಹಾಕಿಕೊಂಡು ಕೂತು, ಬಂದವರಿಗೆ ಇದು ಯಾರು, ಅದು ಯಾರು ಎಂದು ಹೇಳಬೇಕು. ಬಂದ ಮಕ್ಕಳ ಕೈಗೆ ಬೊಂಬೆ ಬಾಗಿನವೆಂದು ಕಡಲೆ ಉಸಲಿ ಹಾಕಬೇಕು. ಹಿಂದಿನ ವರ್ಷ ಕಪ್ಪಗಿರುವ ನನ್ನ ಮಗಳು ಹಾಗೆ ಕೂತಿದ್ದಾಗ ಶ್ರೀನಿವಾಸಪುರದ ಕಡೆಯಿಂದ ಬಂದ ನೆಂಟರಾಕೆ, "ಕೆಲಸದೋಳ ಮಗೂನ ಯಾಕೆ ಕೂರ್ಸಿದೀರಿ? ಮನೆ ಮಗು ಎಲ್ಲಿ?" ಎಂದು ಕೇಳಿಬಿಟ್ಟರು. ಮಗಳು ಎದ್ದುಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಕೂತವಳು ಹಬ್ಬ ಮುಗಿಯುವವರೆಗೂ ಹಜಾರಕ್ಕೆ ಬರಲಿಲ್ಲ.

ಆಮೇಲೆ ಅದೇ ಅಭ್ಯಾಸವಾಯಿತು. ಯಾರೇ ಬರಲಿ, ಒಳಗೆ ಸೇರಿಕೊಳ್ಳುತ್ತಿದ್ದಳು. ಇಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಬಚ್ಚಲಲ್ಲಿ ಕಡಲೆಹಿಟ್ಟು ಹಾಕಿ ಮೊಣಕೈ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿತ್ತು. ಎಂಟು ವರ್ಷದ ಮಗು ಹೀಗೆ ಅಡಗುವುದನ್ನೇ ಕಲಿತು ದೊಡ್ಡವಳಾಗಿಬಿಟ್ಟರೆ ಎಂಬ ಭಯ ನನ್ನನ್ನು ಒಲೆಯ ಮುಂದೆಯೂ ಬಿಡುತ್ತಿರಲಿಲ್ಲ.

ಬೇಸಗೆಯಲ್ಲಿ ಕೋಲಾರದ ತವರಿಗೆ ಹೋದಾಗ, ನಾನು ಓದಿದ ಕಾನ್ವೆಂಟಿಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ನನಗೆ ಹೊಲಿಗೆ ಕಲಿಸಿದ ಸಿಸ್ಟರ್, ನನ್ನ ಸೆರಗಿನಲ್ಲಿ ಮುಖ ಹುದುಗಿಸಿದ್ದವಳನ್ನು ನೋಡಿ ಏನೂ ಕೇಳದೆ, ಬೀರುವಿನಿಂದ ಒಂದು ಬಟ್ಟೆಬೊಂಬೆ ತೆಗೆದರು. ಕಪ್ಪು ಮುಖ, ಉಣ್ಣೆಯ ಗುಂಗುರು ಕೂದಲು, ನೀಲಿ ಗೌನು, ಕಂಕುಳಲ್ಲಿ ಉಗುರಿನಷ್ಟು ಪುಸ್ತಕ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಮೆರಿಕದಿಂದ ಅನಾಥ ಮಕ್ಕಳಿಗೆಂದು ಬಂದ ಪೆಟ್ಟಿಗೆಯಲ್ಲಿತ್ತಂತೆ. ಹೊಂಬಣ್ಣದ ಕೂದಲಿನ ಬೊಂಬೆಗಳನ್ನೆಲ್ಲ ಮಕ್ಕಳು ಎತ್ತಿಕೊಂಡರು, ಇದೊಂದು ಉಳಿಯಿತು. ಅಲ್ಲಿಯ ಕಪ್ಪು ಜನಾಂಗದ ಹೆಂಗಸರು ತಮ್ಮಲ್ಲಿ ದೊಡ್ಡ ಕೆಲಸ ಮಾಡಿದ ಹೆಂಗಸರ ರೂಪವನ್ನೇ ಬೊಂಬೆಯಾಗಿ ಹೊಲಿದು ತಮ್ಮ ಹೆಣ್ಣುಮಕ್ಕಳಿಗೆ ಕೊಡುತ್ತಾರಂತೆ. ಈ ಬೊಂಬೆಯ ಹೆಂಗಸು ಹುಟ್ಟಿದ್ದು ಒಬ್ಬ ದಣಿಯ ಗುಲಾಮಳಾಗಿ. ಅಕ್ಷರ ಕಲಿತರೆ ಚಾಟಿಯೇಟು. ಕದ್ದು ಕಲಿತಳು; ಬಿಡುಗಡೆಯಾದ ಮೇಲೆ ತನ್ನಂಥ ಹುಡುಗಿಯರಿಗೆ ಶಾಲೆ ತೆರೆದಳು.

ಮಗಳು ಸೆರಗು ಬಿಟ್ಟು, "ಅವಳಮ್ಮಾನೂ ಕಪ್ಪಗಿದ್ಲಾ?" ಎಂದಳು.

"ಅಮ್ಮ, ಅಜ್ಜಿ, ಎಲ್ಲರೂ," ಎಂದ ಸಿಸ್ಟರ್, ನಿನಗೇ ಇರಲಿ ಎಂದು ಬೊಂಬೆಯನ್ನು ಅವಳ ಕೈಗಿಟ್ಟರು.

ನಾನು ಬೆಳ್ಳಗಿದ್ದೇನೆ. ಅವಳು ಅದನ್ನು ಯಾಕೆ ಕೇಳಿದಳೆಂದು ನನಗೆ ತಿಳಿಯಿತು.

ಪಾಡ್ಯದ ಬೆಳಗ್ಗೆ ಕಳಶವಿಟ್ಟು, ಪಟ್ಟದ ಬೊಂಬೆಗಳಿಗೆ ಆರತಿ ಎತ್ತಿದ ಮೇಲೆ ದಶಮಿಯವರೆಗೆ ಯಾವ ಬೊಂಬೆಯನ್ನೂ ಕದಲಿಸುವಂತಿಲ್ಲ. ಆರತಿ ತಟ್ಟೆ ಕೆಳಗಿಟ್ಟ ಮೇಲೆಯೇ ನಮ್ಮ ಅತ್ತೆಯವರ ಕಣ್ಣು ಮೂರನೇ ಮೆಟ್ಟಿಲಿಗೆ ಬಿದ್ದದ್ದು. ದಿನಸಿ ಹರಡಿಕೊಂಡ ಶೆಟ್ಟಿ ದಂಪತಿ ಬೊಂಬೆಗಳ ಪಕ್ಕದಲ್ಲಿ ನೀಲಿ ಗೌನು.

"ಏಮೇ ಇದಿ? ಏನೇ ಇದು? ಯಾರು ಇಟ್ಟಿದ್ದು?"

"ನಾನಜ್ಜಿ. ವರ್ಷಕ್ಕೊಂದು ಹೊಸಾ ಬೊಂಬೆ ಇಡ್ಬೇಕು ಅಂತ ನೀವೇ ಹೇಳಿದ್ರಲ್ಲ."

"ಹೊಸಾದು ಅಂದ್ರೆ ಹಿಂಗಾ? ಮಸಿ ಬಟ್ಟೆ ಇದ್ದಂಗಿದೆ." ಅವರು ಕೈ ಚಾಚಿ, ಕಳಶ ನೋಡಿ, ಕೈ ಹಿಂದೆಗೆದರು. "ಇನ್ನ ಕದಲಿಸೋ ಹಂಗೂ ಇಲ್ಲ. ಎಲ್ಲಾ ನಿನ್ನ ಕಾನ್ವೆಂಟ್ ಬುದ್ಧಿ ಕಣಮ್ಮ," ಎಂದರು ನನಗೆ.

ಸಾಯಂಕಾಲ ಮೊದಲು ಬಂದವರು ಎದುರುಮನೆಯಾಕೆ, ಮೊಮ್ಮಗಳ ಜೊತೆ. ಬೀದಿಯಲ್ಲಿ ಅವರ ಮಾತೇ ಮಾತು. ಮಗಳು ಆಗಲೇ ವಾಡೆಯ ಹಿಂದೆ ಹೋಗಿಯಾಗಿತ್ತು, ಮಣೆ ಖಾಲಿ. ಆಕೆ ಕುಂಕುಮ ಇಟ್ಟುಕೊಂಡು ಮೆಟ್ಟಿಲುಗಳನ್ನು ಮೇಲಿನಿಂದ ನೋಡುತ್ತ ಬಂದವರು ಮೂರನೆಯದರಲ್ಲಿ ನಿಂತರು.

"ಅಕ್ಕಯ್ಯ, ಮನೆ ಕಟ್ಟೋವಾಗ ದೃಷ್ಟಿಬೊಂಬೆ ತಗಲಾಕ್ತಾರೆ, ಗೊತ್ತು. ಹೊಲದಾಗೆ ನಿಲ್ಲಿಸ್ತಾರೆ, ಅದೂ ಗೊತ್ತು. ಹಬ್ಬಕ್ಕೆ ಕರೆದು ಬಂದೋರ ಮುಖಕ್ಕೇ ಇಟ್ಟಿದ್ದು ಇಲ್ಲೇ ನೋಡಿದ್ದು. ನಮ್ಮ ಕಣ್ಣು ಅಷ್ಟು ಕೆಟ್ಟದ್ದಾ?"

"ಅಯ್ಯೋ, ಹಂಗಲ್ಲಮ್ಮ, ಅದು ಮಗು ಏನೋ..." ಎಂದರು ಅತ್ತೆಯವರು.

"ಮಗು ಮೇಲೆ ಯಾಕೆ ಹಾಕ್ತೀರಿ, ಬಿಡಿ." ಆಕೆ ತಾಂಬೂಲಕ್ಕೆ ಕೈಯೊಡ್ಡದೆ ಮೊಮ್ಮಗಳ ರಟ್ಟೆ ಹಿಡಿದುಕೊಂಡರು. ಅವರು ಹಾಗೆಯೇ ಹೋದರೆ ನಾಳೆಯಿಂದ ಯಾರೂ ನಮ್ಮ ಹೊಸಿಲು ತುಳಿಯುವುದಿಲ್ಲ.

ಅತ್ತೆಯವರು ನನ್ನ ಕಡೆ ತಿರುಗಿದರು. "ಒಂದು ರೇಷ್ಮೆ ತುಂಡು ತಂದು ಅದರ ಮೇಲೆ ಮುಚ್ಚಿಬಿಡಮ್ಮ. ಮುಚ್ಚಿದ್ರೆ ಕದಲಿಸಿದಂಗೇನೂ ಆಗಲ್ಲ."

ಒಳಗೆ ಕೂತವಳಿಗೆ ಇದೆಲ್ಲ ಕೇಳಿಸುತ್ತಿದೆ. ಆ ಮುಖದ ಮೇಲೆ ನಾನೇ ಬಟ್ಟೆ ಹಾಕಿದರೆ ಅವಳು ಇನ್ನು ಯಾವತ್ತೂ ಈಚೆ ಬರುವುದಿಲ್ಲ. ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಬೇಕೆಂದುಕೊಂಡೆ, ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಬಟ್ಟೆ ತರಲೂ ಹೋಗಲಿಲ್ಲ.

"ಮುಚ್ಚಬೇಡಿ."

ಮಗಳು ನಡುಮನೆ ಬಾಗಿಲಲ್ಲಿ ನಿಂತಿದ್ದಳು. ಲಂಗದ ಮೇಲೆಲ್ಲ ರಾಗಿ ಧೂಳು.

"ಅದು ದೃಷ್ಟಿಬೊಂಬೆ ಅಲ್ಲ. ಮೇಷ್ಟ್ರಮ್ಮ."

"ಮೇಷ್ಟ್ರಮ್ಮಾನಾ?" ಎದುರುಮನೆಯಾಕೆ ತಿರುಗಿದರು. "ಇಷ್ಟು ಕರ್ರಗೆ?"

"ಕರ್ರಗೇನೆ. ಓದಿದ್ರೆ ಹೊಡೀತಿದ್ರು. ಆದ್ರೂ ಕದ್ದು ಓದಿದ್ಲು. ಆಮೇಲೆ ಇಸ್ಕೂಲು ಇಟ್ಲು."

"ಹೊಡೀತಿದ್ದೋರು ಯಾರೇ?"

"ಕೊಂಡ್ಕೊಂಡಿದ್ದೋರು. ಅವಳನ್ನೂ, ಅವಳಮ್ಮನ್ನೂ."

"ದನ ಕೊಂಡಂಗಾ?" ಆಕೆ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟಾದರೂ ನನ್ನಿಂದಾಯಿತು.

ಅಷ್ಟರಲ್ಲಿ ಆ ಮೊಮ್ಮಗಳು ಬೊಂಬೆಯ ಹತ್ತಿರ ಬಗ್ಗಿ, "ನಿನ್ನ ಥರಾನೇ ಇದಾಳೆ ಕಣೇ," ಎಂದಳು.

ಮಗಳು ಮೊಣಕೈ ಮುಟ್ಟಿಕೊಂಡಳು. ಈಗ ಓಡುತ್ತಾಳೆ ಎಂದುಕೊಂಡೆ. ಅವಳು ಬೊಂಬೆಯನ್ನು ಒಂದು ಗಳಿಗೆ ನೋಡಿ, "ಹೂಂ. ಮೂಗು ಮಾತ್ರ ನಂದು ಉದ್ದ," ಎಂದಳು.

ಎದುರುಮನೆಯಾಕೆಗೆ ನಗು ತಡೆಯಲಾಗಲಿಲ್ಲ. "ಅದನ್ನ ಮೊದ್ಲೇ ಹೇಳೋದಲ್ವಾ ಅಕ್ಕಯ್ಯ," ಎನ್ನುತ್ತ ತಾಂಬೂಲಕ್ಕೆ ಸೆರಗೊಡ್ಡಿದರು. ಅತ್ತೆಯವರು, "ನಂಗೆಲ್ಲಮ್ಮ ಗೊತ್ತು, ನನಗ್ಯಾರು ಹೇಳ್ತಾರೆ ಈ ಮನೇಲಿ," ಎಂದು ನನ್ನನ್ನು ದುರುಗುಟ್ಟಿ ನೋಡಿ ದೀಪಕ್ಕೆ ಎಣ್ಣೆ ತರಲು ಹೋದರು.

ಮೊಮ್ಮಗಳು ಮನೆಗೆ ಹೋಗಲೊಲ್ಲೆ ಎಂದು ಮಣೆಯ ಮೇಲೆ ಕೂತುಬಿಟ್ಟಳು. "ಜರುಗೇ, ಅದು ನಮ್ಮನೆ ಮಣೆ," ಎಂದು ಮಗಳು ಅವಳನ್ನು ಸೊಂಟದಿಂದ ನೂಕಿ ಪಕ್ಕದಲ್ಲಿ ಕೂತಳು. ಅಷ್ಟು ಹೊತ್ತಿಗೆ ಆಚೆ ಬೀದಿಯ ಹೆಂಗಸರ ಗುಂಪು ಹಜಾರಕ್ಕೆ ಬಂತು. ನನಗೆ ಗೊತ್ತಿಲ್ಲದ ಮುಖಗಳೂ ಇದ್ದವು. ಅವರಲ್ಲೊಬ್ಬರು ಮಗಳನ್ನೇ ದಿಟ್ಟಿಸುವುದನ್ನು ಕಂಡು ನಾನು ಉಸಲಿಯ ಪಾತ್ರೆಯನ್ನು ಮಗಳ ಮುಂದಕ್ಕೆ ಸರಿಸಿದೆ. ಅವಳು ಒಮ್ಮೆ ನನ್ನತ್ತ ನೋಡಿ, ಮೂರನೇ ಮೆಟ್ಟಿಲಿನಿಂದ ಹೇಳಲು ಶುರುಮಾಡಿದಳು.