ಓದಿ ಸಹಿ ಮಾಡ್ರಿ

ನಮ್ಮ ಸೇಡಂ ಕಾಲೇಜಿನ ಕ್ಲರ್ಕ್ ಮೇಡಂ ಕಾಲೇಜು ನಿಯಮಗಳ ಪಾಲಿಸಿ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದರು. ಸಹಿಯ ಜಾಗ ತೋರಿಸದೆ ಮೊದಲ ಪುಟವನ್ನೇ ತೆರೆದು, "ಓದಿ ಸಹಿ ಮಾಡ್ರಿ, ಸರ" ಎನ್ನುತ್ತಿದ್ದರು. ಪಾಲಿಸಿ ಸಮಿತಿಯ ಸದಸ್ಯನಾದ ನಾನು ಫೈಲನ್ನು ಬೈಕಿನ ಸೀಟಿನ ಮೇಲಿಟ್ಟು ಕೊನೆಯ ಪುಟಕ್ಕೆ ಸಹಿ ಹಾಕುತ್ತಿದ್ದೆ.

ಅಂಗವಿಕಲ ವಿದ್ಯಾರ್ಥಿಗಳ ಪಾಲಿಸಿಯನ್ನು ಬೇರೆ ಕಾಲೇಜಿನದನ್ನು ನೋಡಿ ನಕಲು ಮಾಡಿದ್ದೆವು. ಅದರಲ್ಲಿ 'ಲಿಫ್ಟ್ ಇದೆ' ಎಂದಿತ್ತು. ನಮ್ಮಲ್ಲಿ ಇರಲಿಲ್ಲ. ಅದರ ಕೊನೆಯ ಪುಟದಲ್ಲೂ ನನ್ನ ಸಹಿ ಇತ್ತು.

ಊರುಗೋಲಿನ ಹುಡುಗಿಯೊಬ್ಬಳು ತನ್ನ ತರಗತಿಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತರಬೇಕೆಂದು ಅರ್ಜಿ ಕೊಟ್ಟಳು. ಕಲಬುರಗಿಯಲ್ಲಿ ಕೂತ ಆಡಳಿತ ಮಂಡಳಿ, 'ಲಿಫ್ಟ್ ಇರುವುದರಿಂದ ಅಗತ್ಯವಿಲ್ಲ' ಎಂದು ಬರೆದು ಮರಳಿಸಿತು.

"ಲಿಫ್ಟ್ ಐತಿ ಅಂತ ಯಾರು ಬರದಾರ್ರಿ?" ಎಂದು ಹುಡುಗಿ ನನ್ನೆದುರೇ ಕೇಳಿದಳು.

ಮೇಡಂ ನನ್ನತ್ತ ನೋಡಲಿಲ್ಲ. "ನಡಿಯವ್ವ, ಸಾವಕಾಶ ಹತ್ತೂಣು" ಎಂದು ಅವಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

ನಾನು ಜೇಬಿನ ಪೆನ್ನನ್ನು ಇನ್ನಷ್ಟು ಕೆಳಕ್ಕೆ ತುರುಕಿಕೊಂಡೆ.